ಡೀಲಿಯಾಳ ತವರು

ಫೆಬ್ರವರಿ 2, ಭಾನುವಾರ

ಇವತ್ತು ಊಟಕ್ಕೆ ಬೀಗತಿ ಬಂದಿದ್ದಳು. ಅಳಿಯ ಕೆವಿನ್‌ನ ತಾಯಿ, ಐಲೀನ್. ಎಪ್ಪತ್ತು ವರ್ಷ, ಬಿಳಿ ಕೂದಲು, ಅಳೆದು ತೂಗಿ ಆಡುವ ಮಾತು. ಬರುವಾಗ ತಾನೇ ಮಾಡಿದ ಸೋಡಾ ಬ್ರೆಡ್ ತಂದಿದ್ದಳು. ಮಕ್ಕಳ ಮದುವೆಯಾದಾಗಿನಿಂದ ತರುತ್ತಿದ್ದಾಳೆ, ಆವತ್ತಿನಿಂದಲೂ ಅದು ಹಾಗೇ ಗಟ್ಟಿಯಾಗಿದೆ.

ನಾನೇ ಮಾತು ತೆಗೆದೆ. ಮಗಳು ಮಾನ್ಯಾಗೆ ಮೇ ತಿಂಗಳಲ್ಲಿ ಹೆರಿಗೆ. ಚೊಚ್ಚಲು. ಮುಂದಿನ ತಿಂಗಳು ಕುಬಸ ಮಾಡಿ ಇಲ್ಲಿಗೇ ಕರೆದುಕೊಂಡು ಬರುತ್ತೇವೆ, ಬಾಣಂತನ ನನ್ನ ಕೈಯಲ್ಲೇ ಆಗಬೇಕು ಎಂದೆ. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಮ್ಮಾ, ನಾವು ಆಲ್ರೆಡಿ ಡೂಲಾ ಬುಕ್ ಮಾಡಿದೀವಿ. ಕ್ಯುಪರ್ಟಿನೋದಲ್ಲೇ ಇರ್ತೀವಿ. ಇಟ್ಸ್ ಆಲ್ ಸೆಟ್."

ಡೂಲಾ ಎಂದರೆ ಬಾಣಂತಿಯನ್ನು ನೋಡಿಕೊಳ್ಳಲು ಗೊತ್ತು ಮಾಡಿಕೊಂಡ ಹೆಂಗಸು. ಹೆತ್ತ ತಾಯಿ ಇಲ್ಲೇ, ಅಮೆರಿಕದ ಈ ಡಬ್ಲಿನ್‌ನಲ್ಲಿ ಗಟ್ಟಿಮುಟ್ಟಾಗಿ ಕೂತಿರುವಾಗ. ಇಪ್ಪತ್ತು ವರ್ಷ ಮನೆಯಲ್ಲೇ ಡೇಕೇರ್ ನಡೆಸಿದವಳು ನಾನು, ಈ ಊರಿನ ಅರ್ಧ ಮಕ್ಕಳ ಮೂಗು ಒರೆಸಿದ್ದೇನೆ. ನನ್ನ ಮೊಮ್ಮಗಳಿಗೆ ಮಾತ್ರ ಪರರ ಕೈ.

ಐಲೀನ್ ಮೆಲ್ಲಗೆ ಸೇರಿಸಿದಳು, "ಹುಡುಗರಿಗೆ ಅವರದೇ ಜಾಗ ಬೇಕು, ನಿರು. ನಾವು ದೂರ ನಿಲ್ಲೋಣ." ಆಕೆ ಹೇಳುವುದೆಲ್ಲ ಇಂಗ್ಲಿಷಿನಲ್ಲಿ. ನಾನು ಬರೆದುಕೊಳ್ಳುವುದು ನನ್ನ ಭಾಷೆಯಲ್ಲಿ.

"ನಮ್ಮ ಕಡೆ ದೂರ ನಿಂತವರಿಗೆ ನೆರೆಹೊರೆ ಅಂತಾರ, ತಾಯಿ ಅನ್ನೂದಿಲ್ಲ" ಎಂದು ಕನ್ನಡದಲ್ಲೇ ಅಂದೆ. ಯಾರೂ ಅದನ್ನು ಆಕೆಗೆ ಅನುವಾದ ಮಾಡಿ ಹೇಳಲಿಲ್ಲ.

ಹೆಣ್ಣು ಮಗು ಎಂದು ಡಾಕ್ಟರು ಹೇಳಿದ್ದಾರೆ. ನಮ್ಮವ್ವನ ಹೆಸರಿಡಬೇಕು. ಅಂಬವ್ವ ಬೇಡವೆಂದರೆ ಅಂಬಿಕಾ. ಬಾಣಂತನದಲ್ಲಿ ಸೋತರೂ ಹೆಸರಿನಲ್ಲಿ ನಾನು ಕೂದಲೆಳೆಯಷ್ಟೂ ಜಗ್ಗುವುದಿಲ್ಲ.

ಫೆಬ್ರವರಿ 6, ಗುರುವಾರ

ಬಾಣಂತಿಗೆ ಕೊಡುವ ಅಂಟಿನ ಉಂಡಿಗೆ ಸಾಮಾನು ತಂದೆ. ಉತ್ತತ್ತಿ, ಕೊಬ್ಬರಿ, ಗೋಡಂಬಿ, ಅಂಟು. ಯಾರು ತಿನ್ನುತ್ತಾರೋ ಗೊತ್ತಿಲ್ಲ. ಮಗಳಿಗೆ ನಾನು ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಫೆಬ್ರವರಿ 15, ಶನಿವಾರ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐಲೀನ್ ಮನೆಗೆ ಹೋಗಿದ್ದೆವು. ಕೆವಿನ್ ಮಲಗಿದ್ದ ತೊಟ್ಟಿಲು ಆಕೆಯ ಗರಾಜಿನಲ್ಲಿದೆಯಂತೆ, ತರಬೇಕಿತ್ತು. ಹೊರಗೆ ಮಂಜು, ಒಳಗೆ ಧೂಳು. ನಮ್ಮ ಮನೆಯವರು, ಕೆವಿನ್ ಸೇರಿ ತೊಟ್ಟಿಲು ಬಿಚ್ಚುವಾಗ ನಾನು ಅಲ್ಲಿದ್ದ ಹಳೆಯ ಮರದ ಪೆಟ್ಟಿಗೆಯ ಮೇಲೆ ಕೂತೆ. ಅದರ ಮುಂಬದಿಯಲ್ಲಿ ಬಿಳಿ ಬಣ್ಣದಲ್ಲಿ ಎಂ. ಟಿಯರ್ನಿ ಎಂದು ಯಾರೋ ಕೈಯಿಂದ ಬರೆದಿದ್ದರು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಕೆಳಗೆ ಜೋತುಬಿದ್ದಿತ್ತು. ಯಾರದು ಎಂದು ಕೇಳಿದ್ದೇ ತಡ, ಐಲೀನ್ ನನ್ನ ಪಕ್ಕದಲ್ಲೇ ಕೂತು ಹೇಳತೊಡಗಿದಳು. ಮರೆಯುವ ಮೊದಲು ಬರೆದಿಡುತ್ತೇನೆ.

ಐಲೀನ್‌ಳ ಮುತ್ತಜ್ಜಿ ಡೀಲಿಯಾ. ಐರ್ಲೆಂಡಿನಿಂದ ಬಂದು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ಅದೇ ದೇಶದ ಕಾರ್ಕ್ ಎಂಬಲ್ಲಿಂದ ಬಂದ ಮೈಕೆಲ್ ಟಿಯರ್ನಿಯನ್ನು ಇಲ್ಲೇ ಮದುವೆಯಾದಳು. ಕುದುರೆ ಗಾಡಿ ಹೊಡೆಯುತ್ತಿದ್ದವನು. 1905ರ ಡಿಸೆಂಬರಿನಲ್ಲಿ, ಬಸುರಿ, ಗಂಟು ಕಟ್ಟಿಕೊಂಡು ರೈಲು ಹತ್ತಿದಳು. ಮತ್ತೆ ಬರಲಿಲ್ಲ. ಮೈಕೆಲ್ ಬಾಡಿಗೆ ಮನೆ ಬಿಟ್ಟು ಲಾಡ್ಜ್ ಸೇರಿದ. ಏಪ್ರಿಲ್‌ನಲ್ಲಿ ಭೂಕಂಪ. ಲಾಡ್ಜ್ ಕುಸಿದು ಸತ್ತ. ಆಮೇಲೆ ಹತ್ತಿದ ಬೆಂಕಿಗೆ ಊರಿನ ಕಾಗದಪತ್ರವೂ ಸುಟ್ಟುಹೋಯಿತು. ಮೈಕೆಲ್‌ನ ಅಕ್ಕತಂಗಿಯರು ಮಾತ್ರ ಉಳಿದರು, ಅವರ ಮಾತು ಉಳಿಯಿತು. ಡೀಲಿಯಾ ಯಾವನ ಜೊತೆಯೋ ನೆವಾಡಾ ಕಡೆ ಓಡಿಹೋದಳು ಎಂದು.

ಹದಿನೆಂಟು ವರ್ಷದ ಮೇಲೆ ಡೀಲಿಯಾಳ ಮಗಳು ನೋರಾ ಈ ಪೆಟ್ಟಿಗೆಯೊಂದಿಗೆ ಆ ಸೋದರತ್ತೆಯರ ಬಾಗಿಲಿಗೆ ಬಂದಳು. ಮದುವೆಯಾಗಿ ಒಂದು ಹೆಣ್ಣು ಹೆತ್ತಳು, ಆ ಮಗುವಿಗೆ ನಾಲ್ಕು ವರ್ಷವಾದಾಗ ತೀರಿಕೊಂಡಳು. ಆ ಮಗುವೇ ಐಲೀನ್‌ಳ ತಾಯಿ. ಸೋದರತ್ತೆಯರ ಕೈಯಲ್ಲಿ ಬೆಳೆದಳು, ಹಾಲು ಚೆಲ್ಲಿದರೂ "ಓಡಿಹೋದವಳ ಮೊಮ್ಮಗಳು" ಎನ್ನಿಸಿಕೊಂಡು. ನೋರಾ ಎಲ್ಲಿಂದ ಬಂದಳು ಎಂದು ಅವರು ಆ ಮಗುವಿಗೆ ಹೇಳಲೇ ಇಲ್ಲ.

"ನನ್ನಮ್ಮ ನನ್ನನ್ನು ಒಂದು ದಿನವೂ ಅಪ್ಪಿಕೊಂಡವಳಲ್ಲ, ನಿರು" ಎಂದಳು ಐಲೀನ್. "ತಾಯಂದಿರು ಬಿಟ್ಟು ಹೋಗುತ್ತಾರೆ, ಅಷ್ಟೇ ಆಕೆ ಕಲಿತದ್ದು. ನನ್ನ ಮೊಮ್ಮಗಳು ಹುಟ್ಟುವ ಮೊದಲು ಡೀಲಿಯಾ ಎಲ್ಲಿಗೆ ಹೋದಳೆಂದು ನನಗೆ ತಿಳಿಯಬೇಕು. ಕೆಟ್ಟದ್ದೇ ಆಗಿದ್ದರೂ ಸರಿ." ನೆವಾಡಾದ ಮದುವೆಗಳು, ಗೋರಿಗಳು ಎಲ್ಲವನ್ನೂ ವರ್ಷಗಟ್ಟಲೆ ಜಾಲಾಡಿದ್ದಾಳೆ. ಎಲ್ಲೂ ಇಲ್ಲ.

ಪಾಪ ಎನಿಸಿತು. ಆದರೂ ಬಸುರಿಯಾಗಿ ಗಂಡನನ್ನು ಬಿಟ್ಟು ಹೋದವಳು ಎಂಥವಳೋ ಏನೋ. ಎಂಥ ಮನೆತನಕ್ಕೆ ಮಗಳನ್ನು ಕೊಟ್ಟೆನಪ್ಪಾ ಎಂದೂ ಒಂದು ಗಳಿಗೆ ಅನಿಸಿತು. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು.

ಮಾರ್ಚ್ 2, ಭಾನುವಾರ

ಕುಬಸ ಆಯಿತು. ಮಗಳು ಪಾರ್ಟಿ ಎಂದುಕೊಂಡು ಒಪ್ಪಿದ್ದಳು. ಆದರೆ ಹಸಿರು ಇಳಕಲ್ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕೂತಾಗ ಅವಳ ಮುಖವೇ ಬೇರೆಯಾಗಿತ್ತು. ಎವರ್‌ಗ್ರೀನ್‌ ಬಡಾವಣೆಯಿಂದ ನಮ್ಮ ಕಡೆಯ ಹಿರಿಯರು ಗೌರಮ್ಮ ಬಂದಿದ್ದರು. ಹಾಡು, ಶಾಸ್ತ್ರ ಎಲ್ಲ ಅವರಿಗೇ ಗೊತ್ತು. ಮುತ್ತೈದೆಯರು ಆರತಿ ಮಾಡಿದರು. ಐಲೀನ್‌ಳನ್ನು ಕರೆಯಲಿಲ್ಲ, ಗಂಡ ತೀರಿದವಳು. ಅಲ್ಲೇ ಸೋಫಾದ ಮೇಲೆ ಕೂತು ಫೋಟೋ ತೆಗೆಯುತ್ತಿದ್ದಳು. ಆಕೆಗೆ ಇದೆಲ್ಲ ಗೊತ್ತಾಗುವುದಿಲ್ಲ.

ಹೋಳಿಗೆ ಬಡಿಸುವಾಗ ಐಲೀನ್ ಕೇಳಿದಳು, "ಇದಾದ ಮೇಲೆ ಏನು?"

ಮಗಳಿಗೂ ಕೇಳಲಿ ಎಂದು ದೊಡ್ಡ ದನಿಯಲ್ಲೇ ಹೇಳಿದೆ. "ಇದಾದ ಮೇಲೆ ತವರಿನವರು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಮೊದಲ ಹೆರಿಗೆ ತಾಯಿಯ ಮನೆಯಲ್ಲೇ."

"ಏಳನೇ ತಿಂಗಳಲ್ಲೇ?"

"ಏಳರಲ್ಲೇ. ಆಮೇಲೆ ಪ್ರಯಾಣ ಆಗುವುದಿಲ್ಲ."

"ಪಾಪ, ಗಂಡ ಏನು ಮಾಡುತ್ತಾನೆ?"

"ಖಾನಾವಳಿಯಲ್ಲಿ ಉಣ್ಣುತ್ತಾನೆ. ನಾನು ಹುಟ್ಟುವಾಗ ನನ್ನಪ್ಪ ಗದಗಿನ ಬಾಡಿಗೆ ಮನೆಯನ್ನೇ ಬಿಟ್ಟು ಲಾಡ್ಜ್ ಸೇರಿದ್ದ. ಹೆಂಡತಿ ಇಲ್ಲದ ಮನೆಗೆ ಯಾಕೆ ಬಾಡಿಗೆ ಎಂದು."

ಹೇಳಿ ಮುಗಿಸಿದೆ, ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು. ಲಾಡ್ಜ್. ಡಿಸೆಂಬರ್. ಬಸುರಿ. ಐಲೀನ್ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೋರಾ ಹುಟ್ಟಿದ್ದು ಯಾವಾಗ?" ಎಂದೆ.

"ಮಾರ್ಚ್‌ನಲ್ಲಿ."

"ಡೀಲಿಯಾಳ ತವರು ಎಲ್ಲಿ?"

"ಗೊತ್ತಿಲ್ಲ. ಅದನ್ನು ಯಾರೂ ಕೇಳಲೇ ಇಲ್ಲ."

ಗೌರಮ್ಮನಿಗೆ ಕತೆಯನ್ನೆಲ್ಲ ಹೇಳಿದೆ. ಅವರು ಬಾಯಿಯ ಎಲೆ ಅಡಿಕೆ ಒಂದು ಕಡೆ ಸರಿಸಿ ಅಂದರು, "ಅಲ್ಲರೀ, ದಿನ ತುಂಬಲಿಕ್ಕೆ ಬಂದಾಕಿ ಯಾವನ ಜೋಡಿ ಓಡಿ ಹೋಗ್ತಾಳ? ಬಚ್ಚಲಕ್ಕ ನಡಕೊಂಡು ಹೋಗೂದs ದೊಡ್ಡದಾಗಿರ್ತದ." ಇದನ್ನು ನಾನೇ ಐಲೀನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಕ್ಕಳು, ನಕ್ಕವಳು ಅತ್ತಳು.

ಮಾರ್ಚ್ 4, ಮಂಗಳವಾರ

ಐರ್ಲೆಂಡಿನ 1911ರ ಜನಗಣತಿ ಯಾರು ಬೇಕಾದರೂ ನೋಡುವ ಹಾಗೆ ಇಂಟರ್ನೆಟ್ಟಿನಲ್ಲಿದೆ. ಇವರು ಕನ್ನಡಕ ಏರಿಸಿ ಬೆಳಗಿನಿಂದ ಕೂತರು. ಟಿಯರ್ನಿ ಮನೆಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದರು. ಡೀಲಿಯಾ ಇಲ್ಲ, ನೋರಾ ಇಲ್ಲ. ಐಲೀನ್‌ಗೆ ಫೋನ್ ಮಾಡಿ ಹೇಳಿದಾಗ ಆಕೆ, "ಹಾಗಾದರೆ ಅವರು ಹೇಳಿದ್ದೇ ನಿಜ ಇರಬೇಕು" ಎಂದಳು. ಆ ದನಿ ಕೇಳಿ ನನಗೆ ಊಟ ಸೇರಲಿಲ್ಲ. ಆಸೆ ಹುಟ್ಟಿಸಿದವಳು ನಾನೇ ಅಲ್ಲವೇ.

ಮಾರ್ಚ್ 5, ಬುಧವಾರ

ರೊಟ್ಟಿ ಬಡಿಯುತ್ತ ಸುಮ್ಮನೆ ಕೇಳಿದೆ, "ನಿನ್ನೆ ಯಾವ ಊರಾಗ ಹುಡುಕಿದ್ರಿ?"

"ಕಾರ್ಕ್. ಗೊತ್ತಿದ್ದ ಊರು ಅದೊಂದs."

"ಕಾರ್ಕ್ ಯಾರ ಊರು?"

"ಮೈಕೆಲ್‌ಂದು."

"ಅದು ಗಂಡನ ಮನೀರೀ. ಮೂವತ್ತೈದು ವರ್ಷ ಸಂಸಾರ ಮಾಡೀರಿ, ಹೆಂಡತಿ ಹಡಿಯಾಕ ಎಲ್ಲಿಗೆ ಹೋಗ್ತಾಳ ಅನ್ನೂದು ಗೊತ್ತಾಗ್ಲಿಲ್ಲೇನು?"

ಇವರು ಕನ್ನಡಕ ತೆಗೆದು ಒರೆಸಿದರು. ಸೋತಾಗ ಹಾಗೆ ಮಾಡುತ್ತಾರೆ. ಐಲೀನ್‌ಗೆ ಫೋನ್ ಮಾಡಿ ಡೀಲಿಯಾಳ ತಂದೆಯ ಮನೆತನದ ಹೆಸರು ಕೇಳಿದೆ. ಗ್ಯಾನನ್. ಮದುವೆಯಾದ ಚರ್ಚಿಗೆ ಬೆಂಕಿ ತಗಲಿರಲಿಲ್ಲವಂತೆ, ಆ ಹೆಸರೊಂದು ಉಳಿದಿದೆ. ಇನ್ನು ಗ್ಯಾನನ್ ಮನೆಗಳಲ್ಲಿ ಐದು ವರ್ಷದ ಟಿಯರ್ನಿ ಹುಡುಗಿಯೊಬ್ಬಳು ಸಿಗಬೇಕು. ಎಷ್ಟು ಗ್ಯಾನನ್‌ಗಳಿದ್ದಾರೆ ಎಂದು ಕೇಳಬೇಡ ಎಂದರು ಇವರು. ಕೇಳಲಿಲ್ಲ. ಚಹಾ ಮಾಡಿಕೊಟ್ಟೆ.

ಮಾರ್ಚ್ 8, ಶನಿವಾರ

ಸಿಕ್ಕಳು. ಸಿಕ್ಕಳು. ಸಿಕ್ಕಳು.

ಐಲೀನ್ ಬೆಳಿಗ್ಗೆಯೇ ಬಂದಿದ್ದಳು, ಮಾನ್ಯಾ ಕೆವಿನ್ ಕೂಡ. ಎಲ್ಲರೂ ಡೈನಿಂಗ್ ಟೇಬಲ್ ಸುತ್ತ. ಮೇಯೋ ಎಂಬ ಸೀಮೆ, ಕಡಲ ದಂಡೆಯ ಹಳ್ಳಿ. ಮನೆಯ ಹಿರಿಯಳು ಆ್ಯನ್ ಗ್ಯಾನನ್. ಅವಳ ಮಗ ಒಬ್ಬ. ಮಗಳು ಡೀಲಿಯಾ, ವಿಧವೆ. ಮೊಮ್ಮಗಳು ನೋರಾ ಟಿಯರ್ನಿ, ಐದು ವರ್ಷ. ಅಜ್ಜಿಯ ಮನೆಯಲ್ಲಿ ಮೊಮ್ಮಗಳು, ತಾಯಿಯ ಮನೆಯಲ್ಲಿ ಮಗಳು. ಬೇರೆ ಎಲ್ಲಿರಬೇಕಿತ್ತು ಅವಳು.

ಅದೇ ಜಾಡಿನಲ್ಲಿ ಹೋಗಿ ಇವರು ನೋರಾಳ ಜನನದ ದಾಖಲೆಯನ್ನೂ ತೆಗೆದರು. 1906ರ ಮಾರ್ಚ್, ಅದೇ ಹಳ್ಳಿ. ತಂದೆ, ಮೈಕೆಲ್ ಟಿಯರ್ನಿ, ಗಾಡಿ ಹೊಡೆಯುವವನು, ಸ್ಯಾನ್ ಫ್ರಾನ್ಸಿಸ್ಕೋ. ಆಗ ಅವನಿನ್ನೂ ಬದುಕಿದ್ದ. ಹೆಂಡತಿ ಹಡೆದು ಕೂಸಿನೊಂದಿಗೆ ಬರುತ್ತಾಳೆಂದು ಲಾಡ್ಜಿನಲ್ಲಿ ಕಾಯುತ್ತಿದ್ದ.

ಐಲೀನ್ ಪರದೆಯ ಮೇಲಿನ ಡೀಲಿಯಾಳ ಹೆಸರನ್ನು ಬೆರಳಿಂದ ಮುಟ್ಟಿ ನೋಡಿದಳು. "ಓಡಿಹೋಗಲಿಲ್ಲ" ಎಂದಳು. ಮತ್ತೆ ಅದನ್ನೇ ಹೇಳಿದಳು. ನಾನು ಆಕೆಯ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ನಿಂತೆ. ಡೇಕೇರ್ ಮಕ್ಕಳು ಬಿದ್ದಾಗಲೂ ಹಾಗೇ ಮಾಡುತ್ತಿದ್ದೆ, ಕೈ ತಾನೇ ಹೋಯಿತು. ಕೆವಿನ್ ಗೋಡೆಗೆ ಒರಗಿ, "ಆ ಏಪ್ರಿಲ್‌ನಲ್ಲಿ ಆಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಿದ್ದರೆ ನಾವು ಯಾರೂ ಇರುತ್ತಿರಲಿಲ್ಲವೇನೋ" ಎಂದ. ಮಾನ್ಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 9, ಭಾನುವಾರ

ಊರಿಗೆಲ್ಲ ಫೋನ್ ಮಾಡಿ ಹೇಳಿದೆ. ಗೌರಮ್ಮನಿಗೆ ಎರಡು ಸಲ. ಇವರಿಗೆ ಮಾತ್ರ ಲೆಕ್ಕವಿಲ್ಲದಷ್ಟು ಸಲ. "ಗಂಡನ ಮನೆ ಅಲ್ಲರೀ, ತವರು." ಸಂಜೆ ಹೊತ್ತಿಗೆ ಇವರು ವಾಕಿಂಗ್ ನೆಪ ಮಾಡಿ ಎದ್ದುಹೋದರು.

ಮಾರ್ಚ್ 22, ಶನಿವಾರ

ಮೇಯೋದ ಚರ್ಚಿನ ಪಾದ್ರಿಗಳು ಗ್ಯಾನನ್ ಮನೆಯವರನ್ನು ಹುಡುಕಿಕೊಟ್ಟರು. ಸೀಮಸ್, ಡೀಲಿಯಾಳ ತಮ್ಮನ ಮೊಮ್ಮಗ. ಎಂಬತ್ತು ದಾಟಿದೆ. ಇವತ್ತು ಐಲೀನಕ್ಕನ ಮನೆಯಲ್ಲಿ ಎಲ್ಲರೂ ಸೇರಿ ವಿಡಿಯೋದಲ್ಲಿ ಮಾತಾಡಿದೆವು. ಮುದುಕ ಕ್ಯಾಪು ಹಾಕಿಕೊಂಡೇ ಕೂತಿದ್ದ.

"ಡೀಲಿಯಾ ಗೊತ್ತೇ ಎಂದು ಕೇಳುತ್ತೀರಾ? ನಾನು ಆಕೆಯ ಮಡಿಲಲ್ಲಿ ಬೆಳೆದವನು" ಎಂದ. ಆಗೆಲ್ಲ ಎಷ್ಟೋ ಹೆಣ್ಣುಮಕ್ಕಳು ಮೊದಲ ಹೆರಿಗೆಗೆ ತಾಯಿಯ ಮನೆಗೆ ಬರುತ್ತಿದ್ದರಂತೆ. ಡೀಲಿಯಾ ಬಂದದ್ದು ಅಮೆರಿಕದಿಂದ, ಅದೊಂದೇ ವ್ಯತ್ಯಾಸ. ಮೇ ತಿಂಗಳಿಗೆ ವಾಪಸು ಹಡಗಿನ ಟಿಕೆಟ್ ಇತ್ತು. ಗಂಡ ಸತ್ತ ಸುದ್ದಿ ಅದಕ್ಕೂ ಮೊದಲು ಬಂತು. ಕಟ್ಟಿಟ್ಟ ಪೆಟ್ಟಿಗೆಯ ಹಗ್ಗವನ್ನು ಆಕೆ ಹಲವು ವರ್ಷ ಬಿಚ್ಚಲಿಲ್ಲವಂತೆ. ನೋರಾ ದೊಡ್ಡವಳಾಗಿ, ಅಪ್ಪನ ಗೋರಿ ನೋಡಬೇಕೆಂದು ಹೊರಟಾಗಲೇ ಬಿಚ್ಚಿ ಅವಳಿಗೆ ಕೊಟ್ಟದ್ದು.

"ಮೈಕೆಲ್ ಹೆಸರು ಬರೆಯುವಾಗ ಜಾಗ ಸಾಲದೆ ಕೊನೆಯ ಅಕ್ಷರ ಕೆಳಗೆ ಬಿತ್ತಂತೆ. ನನ್ನ ಗಂಡನಿಗೆ ಕುದುರೆ ಬಗ್ಗುತ್ತದೆ, ತನ್ನ ಹೆಸರು ಬಗ್ಗುವುದಿಲ್ಲ ಎಂದು ಹೇಳಿ ನಗುತ್ತಿದ್ದಳು" ಎಂದ ಸೀಮಸ್.

ಕೆವಿನ್ ಲ್ಯಾಪ್‌ಟಾಪ್ ಎತ್ತಿಕೊಂಡು ಗರಾಜಿಗೆ ನಡೆದ. ನಾವು ಹಿಂದೆ. ಪೆಟ್ಟಿಗೆಯ ಮುಂದೆ ಹಿಡಿದ. ಮುದುಕ ಕ್ಯಾಪು ತೆಗೆದ. ಐಲೀನಕ್ಕ ಆ ಜೋತುಬಿದ್ದ ಅಕ್ಷರದ ಮೇಲೆ ಅಂಗೈಯಿಟ್ಟು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಓಡಿಹೋಗುವ ಹೆಂಡತಿಗೆ ಯಾವ ಗಂಡ ತನ್ನ ಹೆಸರು ಬರೆದ ಪೆಟ್ಟಿಗೆ ಕೊಟ್ಟಾನು?

ಕೊನೆಗೆ ಸೀಮಸ್ ಇನ್ನೊಂದು ಮಾತು ಹೇಳಿದ. ಚೊಚ್ಚಲ ಹೆರಿಗೆಗೆ ನೋರಾ ಬರುತ್ತೇನೆಂದಿದ್ದಳಂತೆ. ಡೀಲಿಯಾ ಹಾಸಿಗೆ ಹಾಸಿ ಇಟ್ಟಿದ್ದಳು. ಇಲ್ಲಿ ಅಮೆರಿಕದಲ್ಲಿ ಆಗ ಕೆಲಸವಿಲ್ಲದ ಕಷ್ಟಕಾಲ, ನೋರಾಗೆ ಹೋಗಲಾಗಲಿಲ್ಲ.

ಮನೆಗೆ ಬರುವಾಗ ಮಾನ್ಯಾ ನಮ್ಮ ಕಾರಿನಲ್ಲೇ ಹಿಂದೆ ಕೂತಿದ್ದಳು. ಬೇ ಬ್ರಿಜ್ ದಾಟಿ ಬಹಳ ದೂರ ಬಂದ ಮೇಲೆ ಕೇಳಿದಳು, "ಅಮ್ಮಾ, ಕೆಳಗಿನ ರೂಮು ಖಾಲಿ ಇದ್ಯಾ?"

"ಇದೆ" ಎಂದೆ. ಇನ್ನೇನಾದರೂ ಹೇಳಿದರೆ ಅತ್ತುಬಿಡುತ್ತಿದ್ದೆ.

ಏಪ್ರಿಲ್ 18, ಶುಕ್ರವಾರ

ಭೂಕಂಪದ ದಿನ. ಕೋಲ್ಮಾದ ಸ್ಮಶಾನಕ್ಕೆ ಐಲೀನಕ್ಕನ ಜೊತೆ ಹೋದೆ. ಮೈಕೆಲ್‌ನ ಕಲ್ಲಿನ ಮೇಲೆ ಹೂವಿಟ್ಟರು. ಈ ವಾರವೆಲ್ಲ ಟಿಯರ್ನಿ ಮನೆತನದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಡೀಲಿಯಾಳ ವಿಷಯ ಹೇಳಿದ್ದಾರೆ. ಒಬ್ಬ ಕಸಿನ್ ಸತ್ತವರ ಕತೆ ಈಗ ಯಾಕೆ ಎಂದನಂತೆ. "ಮಾತು ಇನ್ನೂ ಸತ್ತಿರಲಿಲ್ಲವಲ್ಲ" ಎಂದರಂತೆ ಐಲೀನಕ್ಕ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಮ್ಮವ್ವ ಅನ್ನುತ್ತಿದ್ದಳು. ಬಂತವ್ವಾ. ತಡವಾಗಿ ಬಂತು, ಆದರೆ ಬಂತು.

ಮೇ 14, ಬುಧವಾರ

ಹೆಣ್ಣು. ತಾಯಿ ಮಗು ಇಬ್ಬರೂ ಆರಾಮ. ಮೂಗು ಮಾನ್ಯಾಳದು, ಗದ್ದ ಐಲೀನಕ್ಕನದು. ನನ್ನದೇನಿದೆ ಎಂದು ಇವರು ಹುಡುಕುತ್ತಿದ್ದಾರೆ. ಕಿರುಚುವ ದನಿ ಎಂದಳು ಮಗಳು.

ಮೇ 18, ಭಾನುವಾರ

ಕೆಳಗಿನ ರೂಮಿನಲ್ಲಿ ಬಾಣಂತಿ. ಲೋಬಾನದ ಹೊಗೆ ಹಾಕಿದೆ, ಸ್ಮೋಕ್ ಅಲಾರ್ಮ್ ಹೊಡೆದುಕೊಂಡಿತು, ಕೆವಿನ್ ಟವೆಲ್ ಬೀಸುತ್ತ ನಿಂತ. ಡೂಲಾ ಹುಡುಗಿಯೂ ಒಮ್ಮೆ ಬಂದಿದ್ದಳು. ಒಳ್ಳೆಯ ಹುಡುಗಿ, ಕೂಸಿಗೆ ಎಣ್ಣೆ ಹಚ್ಚುವುದನ್ನು ಕಲಿಸಿ ಕಳಿಸಿದೆ. ಐಲೀನಕ್ಕನಿಗೆ ಮೇಲಿನ ರೂಮಿನಲ್ಲಿ ಹಾಸಿಗೆ ಹಾಸಿದ್ದೇನೆ, ಹೆಸರಿಡುವವರೆಗೂ ಇಲ್ಲೇ. ಅಂಟಿನ ಉಂಡಿ ಅವರಿಗೂ ಕೊಡುತ್ತೇನೆ. ಕೆವಿನ್ ಹುಟ್ಟಿದಾಗ ಅವರಿಗೆ ಒಂದು ಲೋಟ ಬಿಸಿನೀರು ಕೊಡುವವರೂ ಇರಲಿಲ್ಲವಂತೆ. ಅವರ ಸೋಡಾ ಬ್ರೆಡ್ಡನ್ನು ಹಂಚಿನ ಮೇಲೆ ಬಿಸಿ ಮಾಡಿ ತುಪ್ಪ ಹಚ್ಚಿ ತಿಂದೆ. ರುಚಿಯಾಗಿದೆ. ಇಷ್ಟು ದಿನ ತಣ್ಣಗೇ ತಿಂದದ್ದು ನನ್ನ ದಡ್ಡತನ.

ಮೇ 26, ಸೋಮವಾರ

ಮೆಮೋರಿಯಲ್ ಡೇ ರಜೆ, ಮನೆ ತುಂಬ ಜನ. ತೊಟ್ಟಿಲಿಗೆ ಮಲ್ಲಿಗೆ ಸಿಗಲಿಲ್ಲ, ಹಿತ್ತಲಿನ ಗುಲಾಬಿಯನ್ನೇ ಕಟ್ಟಿದೆವು. ಗೋಡೆಯ ಟಿವಿಯಲ್ಲಿ ಸೀಮಸ್, ಇವತ್ತು ಕ್ಯಾಪು ಇಲ್ಲದೆ, ತಲೆ ಬಾಚಿಕೊಂಡು.

ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಕೆವಿನ್‌ಗೆ ಅಕ್ಕತಂಗಿಯರಿಲ್ಲ. ಐಲೀನಕ್ಕ ಹೇಳಲಿ ಎಂದೆ. ಗೌರಮ್ಮ ನನ್ನ ಕಡೆ ನೋಡಿದರು, ಹುಬ್ಬು ಮೇಲೇರಿತು. ನಾನು ಕುಂಕುಮದ ಬಟ್ಟಲು ತಂದು ಐಲೀನಕ್ಕನ ಹಣೆಗೆ ಹಚ್ಚಿದೆ. ಗೌರಮ್ಮ ಹುಬ್ಬು ಇಳಿಸಿ ಹಾಡು ಶುರುಮಾಡಿದರು.

ಐಲೀನಕ್ಕ ಬಗ್ಗಿ ಕೂಸಿನ ಕಿವಿಯಲ್ಲಿ ಹೇಳಿದರು. ಶಾಸ್ತ್ರದಂತೆ ನಾವೆಲ್ಲ ಅವರ ಬೆನ್ನಿಗೆ ಗುದ್ದಿದೆವು. ಅವರಿಗೆ ಮೊದಲೇ ಹೇಳುವುದು ಮರೆತಿದ್ದೆ, ಬೆಚ್ಚಿಬಿದ್ದರು. ಆಮೇಲೆ ನೆಟ್ಟಗೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ಡೀಲಿಯಾ." ಆ ಮನೆತನದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಯಾವ ಕೂಸಿಗೂ ಇಡದ ಹೆಸರು. ಟಿವಿಯಲ್ಲಿ ಮುದುಕ ಕಣ್ಣು ಒರೆಸಿಕೊಂಡ.

"ನಿಮ್ಮವ್ವನ ಹೆಸರು ಅಂದಿದ್ದೆಲ್ಲಾ?" ಎಂದು ಇವರು ನನ್ನ ಕಿವಿಯಲ್ಲಿ ಕೇಳಿದರು. ಸುಮ್ಮನಿರ್ರಿ, ಚಹಾ ಕೊಡ್ರಿ ಎಲ್ಲಾರಿಗೂ ಎಂದೆ.

ಸಂಜೆ ಐಲೀನಕ್ಕ ಬ್ಯಾಗು ಹಿಡಿದು ಹೊರಟು ನಿಂತರು. ನಿಲ್ಲಿ ಎಂದು ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಬೆಲ್ಲ, ಹಸಿರು ಕುಬಸದ ಬಟ್ಟೆ ತಂದೆ. ಸೆರಗಿಲ್ಲವಲ್ಲ, ಅವರ ಸ್ವೆಟರಿನ ಅಂಚನ್ನೇ ಹಿಡಿಸಿ ಉಡಿ ತುಂಬಿದೆ. ತವರಿನಿಂದ ಹೊರಟ ಮಗಳ ಉಡಿ ಬರಿದಾಗಿರಬಾರದು. ಅಕ್ಕಿ ಸ್ವಲ್ಪ ನೆಲಕ್ಕೆ ಚೆಲ್ಲಿತು. ಅವರು ಎರಡೂ ಕೈಯಿಂದ ಉಡಿ ಗಟ್ಟಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡಿದರು.

"ಇದನ್ನ ಅನ್ನ ಮಾಡಿಕೊಂಡು ಉಣ್ರಿ ಅಕ್ಕಾ. ಹಬ್ಬಕ್ಕ ಮತ್ತ ಬರ್ರಿ" ಎಂದೆ, ಕನ್ನಡದಲ್ಲೇ.

ಯಾರೂ ಅನುವಾದ ಮಾಡಲಿಲ್ಲ. ಅವರು ಬರುತ್ತೇನೆ ಎಂದು ತಲೆಯಾಡಿಸಿದರು.